ಗೋಡೆಯೊಳಗೆ ಇಟ್ಟ ಪಿಂಚಣಿ

ಮಗೂ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡಪ್ಪ, ಪಿಎಫ್ ತೆಗೆದು ಫ್ಲ್ಯಾಟಿಗೆ ಹಾಕಲಾ?" ಸರ್ಜಾಪುರದ ಕಡೆ ಮೂರು ಬೆಡ್‌ರೂಮಿನ ಮನೆ, ಟೋಕನ್ ಕೊಟ್ಟಾಗಿದೆ, ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ, ಕಡಿಮೆ ಬಿದ್ದಿರುವುದು ಹನ್ನೆರಡು ಲಕ್ಷ. ಹದಿನೈದು ವರ್ಷ ಗೃಹಸಾಲದ ಮೇಜಿನ ಹಿಂದೆ ಕೂತವನು ನಾನು. ಹೌದು ಅಥವಾ ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. ಅದೇ ವಾರ ನಿನ್ನ ತಂಗಿ ಸ್ಟುಟ್‌ಗಾರ್ಟ್‌ನಿಂದ ಮಾತಾಡಿದ್ದಳು. ಅವಳು ಅಲ್ಲಿಗೆ ಹೋಗಿ ನಾಲ್ಕು ವರ್ಷ, ಬಾಡಿಗೆ ಮನೆ. ಅವಳ ಆಫೀಸಿನ ಹಿರಿಯರೊಬ್ಬರು ಬದುಕಿಡೀ ಬಾಡಿಗೆ ಮನೆಯಲ್ಲೇ ಇದ್ದು ಈಚೆಗೆ ನಿವೃತ್ತರಾದರಂತೆ. ಅದನ್ನು ಯಾರೂ ಕೊರತೆ ಅಂತ ಎಣಿಸಲಿಲ್ಲವಂತೆ. "ಅಮ್ಮ ಮಾತ್ರ ಪ್ರತಿ ಭಾನುವಾರ, ಮನೆ ಯಾವಾಗ ತಗೋತೀಯ ಅಂತ ಕೇಳ್ತಾಳೆ" ಅಂತ ಬೇಜಾರು ಮಾಡಿಕೊಂಡಳು.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೀವಿಬ್ಬರು. ಸ್ವಂತ ಮನೆ ಇಲ್ಲವಲ್ಲ ಅಂತ ನಿನಗೆ ರಾತ್ರಿ ಎಚ್ಚರವಾಗುತ್ತದೆ. ಅವಳಿಗೆ ಅಮ್ಮ ನೆನಪಿಸಿದಾಗಷ್ಟೇ ಆ ಯೋಚನೆ. ಯಾಕೆ ಹೀಗೆ ಅಂತ ನಾನು ಎರಡು ದಿನ ಕೂತು ಯೋಚಿಸಿದೆ. ನಿನ್ನ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ ಅನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದು.

ಮೊದಲು ನಿನ್ನ ತಾತನ ಮನೆಯ ಕಥೆ. ನೀನು ಕಂಡಿರುವುದು ಅದರ ಕೊನೆಗಾಲ ಮಾತ್ರ. ನಮ್ಮಪ್ಪ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ 29 ವರ್ಷ ಇದ್ದವರು. ನಾನು, ನಿಮ್ಮಪ್ಪ, ಅತ್ತೆ ಮೂವರೂ ಅಲ್ಲೇ ಹುಟ್ಟಿದೆವು. ನೀರು, ಕರೆಂಟು, ಆಸ್ಪತ್ರೆ ಎಲ್ಲ ಕಂಪನಿಯದೇ. 1978ರಲ್ಲಿ ಅಪ್ಪನಿಗೆ ಐವತ್ತೆಂಟು ತುಂಬಿತು. ಬೀಳ್ಕೊಡುಗೆಯ ಹಾರ ಇನ್ನೂ ಗೋಡೆಯ ಮೊಳೆಯಲ್ಲಿ ಒಣಗುತ್ತಿತ್ತು, ಕ್ವಾರ್ಟರ್ಸ್ ಖಾಲಿ ಮಾಡಿ ಎಂಬ ಕಾಗದ ಬಂತು. ಮೂರು ತಿಂಗಳ ಗಡುವು. ಆಗ ಕಾರ್ಖಾನೆಯವರಿಗೆ ನಿವೃತ್ತಿಯ ಮೇಲೆ ತಿಂಗಳ ಪಿಂಚಣಿ ಎಂಬುದೇ ಇರಲಿಲ್ಲ. ಪಿಎಫ್ ಜೊತೆಗಿನ ಇಪಿಎಸ್ ಎಂಬ ಪಿಂಚಣಿ ಯೋಜನೆ ಬಂದದ್ದು 1995ರಲ್ಲಿ. ಕೈಗೆ ಸಿಕ್ಕಿದ್ದು ಪಿಎಫ್ ಮತ್ತು ಗ್ರಾಚ್ಯುಟಿಯ ಇಡಿಗಂಟು. ಅಪ್ಪ ಅದಷ್ಟನ್ನೂ ಒಂದು ಸೈಟಿಗೂ ಹೆಂಚಿನ ಮನೆಗೂ ಸುರಿದರು. ಗೃಹಪ್ರವೇಶದ ದಿನ ಅಮ್ಮನ ಕೈಯಲ್ಲಿ ಉಳಿದಿದ್ದು ಮುನ್ನೂರು ಚಿಲ್ಲರೆ ರೂಪಾಯಿ ಅಂತ ಅವಳೇ ಎಷ್ಟೋ ಸಲ ಹೇಳುತ್ತಿದ್ದಳು.

ಆರು ವರ್ಷಕ್ಕೆ ಅಪ್ಪ ಹೋದರು. ಅಮ್ಮ ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು. ಹೇಗೆ ಬದುಕಿದಳು ಗೊತ್ತೇ? ಹಿಂದೆ ಎರಡು ಕೋಣೆಯ ಪೋರ್ಶನ್ ಇತ್ತಲ್ಲ, ಅದರ ಬಾಡಿಗೆಯಲ್ಲಿ. ಮುಂದಿನ ಕೋಣೆಗೆ ಷಟರ್ ಹಾಕಿಸಿ ದರ್ಜಿಯೊಬ್ಬರಿಗೆ ಅಂಗಡಿ ಕೊಟ್ಟೆವು, ಅದರ ಬಾಡಿಗೆ ಔಷಧಿಗೆ. ಸೊಂಟ ಮುರಿದಾಗ ಪಕ್ಕದ ಖಾಲಿ ಜಾಗ ಮಾರಿ ಆಪರೇಷನ್ ಮಾಡಿಸಿದೆವು. ನಿನ್ನ ಅತ್ತೆಯ ಮದುವೆಯ ಸಾಲಕ್ಕೆ ಪತ್ರ ಅಡವಿಟ್ಟಿದ್ದೂ ಅದೇ ಮನೆಯದು. ನಾವು ಮೂವರೂ ಅಮ್ಮನನ್ನು ಚೆನ್ನಾಗಿಯೇ ನೋಡಿಕೊಂಡೆವು, ಆದರೂ ಅವಳು ಒಂದು ದಿನವೂ ನಮ್ಮೆದುರು ಕೈ ಚಾಚಲಿಲ್ಲ. ತಿಂಗಳ ಐದನೇ ತಾರೀಕು ಬಾಡಿಗೆ ಎಣಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. "ಇದು ನಿಮ್ಮಪ್ಪ ಕಳಿಸೋ ಮನಿಯಾರ್ಡರು" ಅನ್ನುತ್ತಿದ್ದಳು.

ಆ ಮಾತು ಕೇಳಿ ನಾವೆಲ್ಲ ಕಣ್ಣೊರೆಸಿಕೊಂಡಿದ್ದೇವೆ. ಈಗ ಎಪ್ಪತ್ತೊಂದರ ವಯಸ್ಸಿನಲ್ಲಿ ಅದನ್ನೇ ನೆನೆದರೆ ಹೆಮ್ಮೆಯ ಜೊತೆ ಒಂದು ನೋವೂ ಬರುತ್ತದೆ. ವಿಧವೆಗೆ ತಿಂಗಳ ಆದಾಯ, ಮುದುಕಿಗೆ ಆಸ್ಪತ್ರೆ, ಕಷ್ಟಕ್ಕೆ ಸಾಲ: ಆ ಹೆಂಚಿನ ಮನೆ ಮಾಡಿದ ಕೆಲಸಗಳೆಲ್ಲ ಒಂದು ಸಮಾಜ ಕೂಡಿ ಮಾಡಬೇಕಾದವು. ಮಾಡುವವರು ಯಾರೂ ಇರಲಿಲ್ಲ, ಅದಕ್ಕೇ ಅಪ್ಪ ತಮ್ಮ ಪಿಂಚಣಿಯನ್ನು ಗೋಡೆಯೊಳಗೆ ಇಟ್ಟು ಗಾರೆ ಮೆತ್ತಿದರು. ಸೈಟು ತೆಗೆದುಕೊಳ್ಳಲಾಗದ ಅವರ ಜೊತೆಗಾರರ ವಿಧವೆಯರು ಎಲ್ಲಿ ಹೋದರೋ, ಆ ಕಡೆ ನಾವು ತಿರುಗಿ ನೋಡಲಿಲ್ಲ.

ಇನ್ನು ನಿನ್ನ ತಂಗಿ ಇರುವ ಊರು. ಜರ್ಮನಿಯಲ್ಲಿ ಸ್ವಂತ ಮನೆಯಲ್ಲಿರುವವರು ಅರ್ಧಕ್ಕಿಂತ ಕಡಿಮೆ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲೂ ಹಾಗೆಯೇ. ಬಡತನದಿಂದ ಹೀಗಾಗಿದೆ ಅನ್ನುವ ಹಾಗಿಲ್ಲ. ಅಷ್ಟು ಶ್ರೀಮಂತ ದೇಶಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಅದೇ ರೊಮೇನಿಯಾದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಸ್ವಂತ ಮನೆಯವರು, ಯಾಕೆಂದರೆ 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಸರ್ಕಾರ ತನ್ನ ಫ್ಲ್ಯಾಟುಗಳನ್ನು ಅವುಗಳಲ್ಲಿ ಇದ್ದವರಿಗೇ ಕಡಿಮೆ ಬೆಲೆಗೆ ಮಾರಿಬಿಟ್ಟಿತು. ಹಾಗಾಗಿ ಎಷ್ಟು ಜನಕ್ಕೆ ಸ್ವಂತ ಮನೆ ಇದೆ ಎಂಬ ಲೆಕ್ಕ ನೋಡಿ ಒಂದು ದೇಶದ ಸುಖ ಅಳೆಯಬೇಡ. ನಮ್ಮಲ್ಲಿ 2011ರ ಜನಗಣತಿಯ ಪ್ರಕಾರ ನೂರಕ್ಕೆ 86.6 ಕುಟುಂಬಗಳು ಸ್ವಂತ ಮನೆಯವು, ಹಳ್ಳಿಗಳಲ್ಲಿ 94.7, ಪಟ್ಟಣಗಳಲ್ಲಿ 69.2. ಸೋರುವ ಗುಡಿಸಲೂ ಆ ಲೆಕ್ಕದಲ್ಲಿ ಸ್ವಂತ ಮನೆಯೇ.

ಜರ್ಮನಿಯವರಿಗೆ ಭಯವಿಲ್ಲದೆ ಬಾಡಿಗೆಯಲ್ಲಿ ಇರಲು ಸಾಧ್ಯವಾದದ್ದು ಒಂದೇ ದಿನದಲ್ಲಿ ಅಲ್ಲ. ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲೇ, ದುಡಿಯುವವರಿಗೆ ಮುಪ್ಪಿನ ಪಿಂಚಣಿಯ ಕಾಯಿದೆ ಬಂತು. ಯುದ್ಧದಲ್ಲಿ ಊರೂರೇ ನೆಲಸಮವಾದ ಮೇಲೆ 1950ರಲ್ಲಿ ಮನೆ ಕಟ್ಟುವ ಕಾಯಿದೆ ಮಾಡಿ, ಸರ್ಕಾರದ ನೆರವು ಪಡೆದವರು ಕಡಿಮೆ ಬಾಡಿಗೆಗೇ ಕೊಡಬೇಕು ಎಂಬ ಷರತ್ತಿನ ಮೇಲೆ ಲಕ್ಷಗಟ್ಟಲೆ ಮನೆ ಕಟ್ಟಿಸಿದರು. 1957ರಲ್ಲಿ ಅಡೆನಾವರ್ ಸರ್ಕಾರ ಪಿಂಚಣಿಯನ್ನು ಸಂಬಳದ ಏರಿಕೆಗೆ ಜೋಡಿಸಿತು: ದುಡಿಯುವವರ ಕೂಲಿ ಏರಿದರೆ ಮುದುಕರ ಪಿಂಚಣಿಯೂ ಏರಬೇಕು. ಬಾಡಿಗೆ ಕಟ್ಟಲಾಗದವರಿಗೆ ನೆರವಿನ ಹಣ ಕೊಡುವ ಕಾಯಿದೆ 1965ರದು. ನಿನ್ನ ತಂಗಿಯ ಸಂಬಳದಲ್ಲಿ ನೂರಕ್ಕೆ 9.3 ಪಿಂಚಣಿ ನಿಧಿಗೆ ಹೋಗುತ್ತದೆ, ಅಷ್ಟೇ ಹಣವನ್ನು ಅವಳ ಕಂಪನಿಯೂ ಹಾಕುತ್ತದೆ. ಮೊದಲ ತಿಂಗಳು ಅಯ್ಯೋ ಇಷ್ಟು ಕಡಿತವೇ ಅಂತ ಅತ್ತಿದ್ದಳು, ನೆನಪಿದೆಯಾ?

ಮನೆಯ ಮಾಲೀಕರು ಅವಳಿಂದ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಆ ಹಣವನ್ನು ತಮ್ಮ ಹಣದ ಜೊತೆ ಬೆರೆಸುವಂತಿಲ್ಲ. ನಾಳೆ ಖಾಲಿ ಮಾಡು ಅನ್ನುವಂತಿಲ್ಲ. ಕಾಯಿದೆ ಒಪ್ಪುವ ಕಾರಣ ಬೇಕು. ಎಂಟು ವರ್ಷ ಇದ್ದವರಿಗೆ ಒಂಬತ್ತು ತಿಂಗಳ ನೋಟಿಸು ಕೊಡಬೇಕು. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಅಗ್ರಿಮೆಂಟು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವುದು, ಇವನ್ನು ಅದರ ಪಕ್ಕದಲ್ಲಿ ಇಟ್ಟು ನೋಡು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ರಾಜ್ಯಗಳು ಅದನ್ನು ತಮ್ಮದಾಗಿ ಮಾಡಿಕೊಂಡರಷ್ಟೇ ಜಾರಿ. ನೀನು ಐದು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ್ದೀಯ. ಸ್ವಂತದ್ದೊಂದು ಸೂರು ಬೇಕು ಅನ್ನುವ ನಿನ್ನ ತವಕವನ್ನು ನಾನು ಆಸೆಬುರುಕತನ ಅಂತ ಹೇಗೆ ಕರೆಯಲಿ?

ಜರ್ಮನಿ ಸ್ವರ್ಗ ಅಂತಲೂ ತಿಳಿಯಬೇಡ. ಮ್ಯೂನಿಕ್‌ನಲ್ಲಿ ಬಾಡಿಗೆ ಮನೆಗೆ ತಿಂಗಳುಗಟ್ಟಲೆ ಅಲೆಯಬೇಕಂತೆ. ನೆರವಿನ ಬಾಡಿಗೆ ಮನೆಗಳ ಸಂಖ್ಯೆ ದಶಕಗಳಿಂದ ಇಳಿಯುತ್ತಾ ಬಂದಿದೆ. ಮಕ್ಕಳಿಗಾಗಿ ಕೆಲಸ ಬಿಟ್ಟು ಆಮೇಲೆ ಅರ್ಧ ದಿನದ ಕೆಲಸ ಹಿಡಿದ ಹೆಂಗಸರಿಗೆ ಅಲ್ಲೂ ಪಿಂಚಣಿ ತೆಳ್ಳಗೆ. ಅಂಥವರಿಗೆ ಏರುವ ಬಾಡಿಗೆ ಅಲ್ಲೂ ಶೂಲವೇ.

ಈಗ ನನ್ನ ಮನಸ್ಸಿನಲ್ಲಿ ನಿಜವಾಗಿ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಜಿಮ್ ಕೆಮೆನಿ ಎಂಬ ಸಮಾಜಶಾಸ್ತ್ರಜ್ಞರು 1981ರಲ್ಲಿ ಆಸ್ಟ್ರೇಲಿಯಾ, ಬ್ರಿಟನ್, ಸ್ವೀಡನ್‌ಗಳನ್ನು ಹೋಲಿಸಿ ಪುಸ್ತಕ ಬರೆದರು. ಅವರ ವಾದ ಸರಳ. ಮನೆ ಕೊಳ್ಳುವವನಿಗೆ ಖರ್ಚಿನ ಭಾರವೆಲ್ಲ ಬೀಳುವುದು ಪ್ರಾಯದಲ್ಲಿ: ಮುಂಗಡ, ಕಂತು, ಬಡ್ಡಿ. ಮಕ್ಕಳ ಶಾಲೆಯ ಫೀಸೂ ಅದೇ ವಯಸ್ಸಿನಲ್ಲಿ. ಆಗ ತೆರಿಗೆ ಹೆಚ್ಚಿಸಿ ಎಲ್ಲರಿಗೂ ಪಿಂಚಣಿ ಕೊಡೋಣ ಅಂದರೆ ಅವನು ಬೇಡ ಅನ್ನುತ್ತಾನೆ. ಅವನ ಕುತ್ತಿಗೆಯ ಮಟ್ಟಕ್ಕೆ ಕಂತು ಬಂದು ನಿಂತಿರುತ್ತದೆ, ಹಾಗೆನ್ನದೆ ಇನ್ನೇನು ಮಾಡಿಯಾನು? ಫ್ರಾನ್ಸಿಸ್ ಕ್ಯಾಸಲ್ಸ್ ಎಂಬ ಇನ್ನೊಬ್ಬ ವಿದ್ವಾಂಸರು 1998ರಲ್ಲಿ ಇದನ್ನೇ ಮುಂದುವರಿಸಿ, ಹಲವು ಶ್ರೀಮಂತ ದೇಶಗಳ ಅಂಕಿಗಳಲ್ಲಿ ಸ್ವಂತ ಮನೆಯವರು ಹೆಚ್ಚಿದ್ದಲ್ಲಿ ಪಿಂಚಣಿಯಂಥ ನೆರವಿಗೆ ಸರ್ಕಾರದ ಖರ್ಚು ಕಡಿಮೆ ಇರುವುದನ್ನು ತೋರಿಸಿದರು. ಯಾವುದು ಮೊದಲು ಎಂಬುದು ಬಿಡಿಸಲು ಕಷ್ಟದ ಗಂಟು. ಪಿಂಚಣಿ ಇಲ್ಲದ್ದಕ್ಕೆ ಜನ ಮನೆ ಕಟ್ಟುತ್ತಾರೆ. ಮನೆ ಕಟ್ಟಿದ ಜನ ಪಿಂಚಣಿ ಕೇಳುವುದನ್ನು ಬಿಡುತ್ತಾರೆ. ಎರಡೂ ನಿಜ ಅನ್ನುವುದು ನನ್ನ ಮೇಜಿನ ಅನುಭವ.

ಆಸ್ಟ್ರೇಲಿಯಾದಲ್ಲಿ 1908ರ ಕಾಯಿದೆಯಿಂದ ಮುಪ್ಪಿನ ಪಿಂಚಣಿ ಇದೆ. ಅದು ಆಸ್ತಿಪಾಸ್ತಿ ನೋಡಿ ಕೊಡುವ ಸಾಧಾರಣ ಮೊತ್ತ. ವಾಸದ ಮನೆಯನ್ನು ಆಸ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲ ತೀರಿಸಿದ ಮನೆಯಲ್ಲಿ ಕೂತ ಮುದುಕರಿಗೆ ಆ ಹಣ ಸಾಕಾಗುತ್ತದೆ. ಬಾಡಿಗೆ ಕಟ್ಟಬೇಕಾದ ಮುದುಕರಿಗೆ ಸಾಲದು, ಆ ದೇಶದ ಮುಪ್ಪಿನ ಬಡತನ ಹೆಚ್ಚಾಗಿ ಸೇರಿಕೊಂಡಿರುವುದು ಅವರ ಮನೆಗಳಲ್ಲೇ. ಎಲ್ಲರಿಗೂ ಮನೆ ಇರುತ್ತದೆ ಅಂತ ನಂಬಿ ಕಟ್ಟಿದ ವ್ಯವಸ್ಥೆ ಮನೆ ಇಲ್ಲದವನನ್ನು ಎರಡು ಸಲ ಹೊಡೆಯುತ್ತದೆ.

ಹೋದ ತಿಂಗಳು ಊಟಕ್ಕೆ ಬಂದಾಗ ನೀನು, "ನಮ್ಮ ಟ್ಯಾಕ್ಸ್ ದುಡ್ಡು ಹೀಗೆ ಹಂಚಿ ಹಾಳು ಮಾಡ್ತಾರೆ" ಅಂದೆ. ನಾನು ಸಾರು ಬಡಿಸಿಕೊಳ್ಳುತ್ತಾ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅದು ನಿನ್ನ ಒಳ್ಳೆಯತನದ ಮಾತಲ್ಲ, ನಿನ್ನ ಕಂತಿನ ಮಾತು. ಬಡ ಮುದುಕರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ಎಂಬತ್ತು ದಾಟಿದವರಿಗೆ 500. ಆ 200 ರೂಪಾಯಿ 2007ರಿಂದ ಒಂದು ಪೈಸೆ ಏರಿಲ್ಲ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ ಸಿಗುವುದು 1,200. ಇಷ್ಟರಲ್ಲಿ ಮೈಸೂರಿನಲ್ಲಿ ಒಂದು ಕೋಣೆ ಸಿಗುತ್ತದೆಯೇ, ನೀನೇ ಹೇಳು.

ನಿನ್ನದೇ ಲೆಕ್ಕ ನೋಡೋಣ. ಪಿಎಫ್ ಇದ್ದರೆ ಪಿಂಚಣಿಯೂ ಇರುತ್ತದೆ ಅಂತ ನೀನು ಅಂದುಕೊಂಡಿದ್ದೀಯ. 2014ರ ಸೆಪ್ಟೆಂಬರ್ 1ರ ನಂತರ, ತಿಂಗಳಿಗೆ 15,000 ಮೀರಿದ ವೇತನದ ಮೇಲೆ ಮೊದಲ ಸಲ ಪಿಎಫ್‌ಗೆ ಸೇರಿದವರಿಗೆ ಇಪಿಎಸ್ ಪಿಂಚಣಿ ಇಲ್ಲ. ನೀನು ಕೆಲಸಕ್ಕೆ ಸೇರಿದ್ದು 2017ರಲ್ಲಿ, ಮೂಲ ವೇತನವೇ ಇಪ್ಪತ್ತೆರಡು ಸಾವಿರ ಇತ್ತು. ಅಂದರೆ ನಿನಗೆ ಅದು ಇಲ್ಲ. ಇರುವವರಿಗಾದರೂ ಎಷ್ಟು? 15,000ದ ಮಿತಿಯಲ್ಲಿ ಮೂವತ್ತೈದು ವರ್ಷ ದುಡಿದವನಿಗೆ ಸೂತ್ರದ ಪ್ರಕಾರ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸು. ಹೀಗಾಗಿ ನಿನ್ನ ಮುಪ್ಪಿಗೆ ಅಂತ ಈ ಲೋಕದಲ್ಲಿ ಇರುವುದು ಆ ಪಿಎಫ್ ಗಂಟು ಒಂದೇ. ಮನೆಗಾಗಿ ಅಂದರೆ ಅದರ ಬಹುಪಾಲನ್ನು ತೆಗೆಯಲು ಬಿಡುತ್ತಾರೆ. ಬಿಡುತ್ತಾರೆ ಅನ್ನುವುದು ತೆಗೆಯಲು ಕಾರಣವಾಗಬಾರದು.

ಪಿಎಫ್ ಅನ್ನು ಮನೆಗೆ ಸುರಿದು ಇಡೀ ದೇಶವೇ ಬದುಕಿ ತೋರಿಸಿದ ಉದಾಹರಣೆ ಸಿಂಗಪುರ. ಅಲ್ಲಿ ನಮ್ಮ ಪಿಎಫ್‌ನಂಥ ನಿಧಿ 1955ರಿಂದ ಇದೆ, ಸರ್ಕಾರದ ವಸತಿ ಮಂಡಳಿ 1960ರಲ್ಲಿ ಹುಟ್ಟಿತು, 1968ರಿಂದ ಆ ನಿಧಿಯ ಹಣದಲ್ಲೇ ಮಂಡಳಿಯ ಫ್ಲ್ಯಾಟಿನ ಕಂತು ಕಟ್ಟಬಹುದು. ಇವತ್ತು ಹತ್ತರಲ್ಲಿ ಸುಮಾರು ಒಂಬತ್ತು ಕುಟುಂಬಗಳಿಗೆ ಸ್ವಂತ ಮನೆ. ಮೆಚ್ಚಬೇಕಾದ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಲ್ಲೂ ಮುದುಕರಾದ ಮೇಲೆ ಒಂದು ಸಂಗತಿ ಹೊರಬಿತ್ತು: ಮನೆಗೆ ಬೆಲೆ ಇದೆ, ಕೈಯಲ್ಲಿ ಕಾಸಿಲ್ಲ. ಆ ಫ್ಲ್ಯಾಟುಗಳು 99 ವರ್ಷದ ಗುತ್ತಿಗೆಯವು. ಉಳಿದ ವರ್ಷಗಳಲ್ಲಿ ಒಂದಿಷ್ಟನ್ನು ಮಂಡಳಿಗೇ ಮಾರಿ ತಿಂಗಳ ಆದಾಯ ಪಡೆಯುವ ಯೋಜನೆಯನ್ನು 2009ರಲ್ಲಿ ತಂದರು. ಅಷ್ಟು ಗಟ್ಟಿಯಾದ ಮಂಡಳಿಯೊಂದು ಹಿಂದೆ ನಿಂತಿದ್ದರಿಂದ ಅದು ಆಯಿತು. ಸರ್ಜಾಪುರದ ನಿನ್ನ ಬಿಲ್ಡರ್ ನಿನಗೆ ಎಪ್ಪತ್ತಾದಾಗ ಬಂದು ಅಡುಗೆಮನೆಯನ್ನಷ್ಟೇ ಕೊಂಡುಕೊಳ್ಳುವುದಿಲ್ಲ.

ನಮ್ಮಲ್ಲೂ ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಬದುಕಿರುವವರೆಗೂ ಅದರಲ್ಲೇ ಇದ್ದು ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಅನ್ನು 2007ರ ಬಜೆಟ್ಟಿನಲ್ಲಿ ಘೋಷಿಸಿದರು. ನನ್ನ ಸರ್ವಿಸಿನಲ್ಲಿ ಅದಕ್ಕಾಗಿ ವಿಚಾರಿಸಿದವರು ಐದಾರು ಜನ, ಸಹಿ ಮಾಡಿದವರು ಒಬ್ಬರೂ ಇಲ್ಲ. ಒಬ್ಬ ತಾಯಿ ಫಾರಂ ಅರ್ಧ ತುಂಬಿಸಿ ಪೆನ್ನು ಕೆಳಗಿಟ್ಟರು. "ಮಕ್ಕಳಿಗೆ ಉಳಿಸದೆ ನಾನೇ ತಿಂದು ಹೋದೆ ಅಂತಾರಲ್ಲ ಸಾರ್" ಅಂದರು. ಆ ಮಕ್ಕಳು ಆಕೆಗೆ ಔಷಧಿಗೆ ಹಣ ಕಳಿಸುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಇಟ್ಟಿಗೆಯನ್ನು ತಿಂಗಳಿಗೊಂದರಂತೆ ಕಿತ್ತು ಮಾರಲಾಗುವುದಿಲ್ಲ, ಮಗೂ. ನಮ್ಮಮ್ಮನ ಮನೆ ಪಿಂಚಣಿ ಕೊಟ್ಟಿದ್ದು ಅದಕ್ಕೊಂದು ಹಿಂದಿನ ಪೋರ್ಶನ್ ಇತ್ತು ಅಂತ. ಹದಿನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಹಿಂದಿನ ಪೋರ್ಶನ್ ಇರುವುದಿಲ್ಲ. ತಿಂಗಳು ತಿಂಗಳು ಮೇಂಟೆನೆನ್ಸ್ ಮಾತ್ರ ಇರುತ್ತದೆ.

ಹಾಗಾಗಿ ನಿನ್ನ ಪ್ರಶ್ನೆಗೆ: ಮನೆ ತಗೋ, ಬೇಡ ಅನ್ನುವುದಿಲ್ಲ. ಮೂರರ ಬದಲು ಎರಡು ಬೆಡ್‌ರೂಮಿನದು ತಗೋ. ಆ ಹನ್ನೆರಡು ಲಕ್ಷದ ಅಂತರ ಹಾಗೆ ತುಂಬಲಿ. ಪಿಎಫ್ ಮುಟ್ಟಬೇಡ. ಕಂತು ಕಟ್ಟಿ ತಿಂಗಳಿಗೆ ಐದು ಸಾವಿರವನ್ನಾದರೂ ಎನ್‌ಪಿಎಸ್‌ಗೋ ಪಿಪಿಎಫ್‌ಗೋ ಹಾಕಲು ಉಳಿಯದಿದ್ದರೆ ಆ ಮನೆ ನಿನ್ನ ಅಳತೆಗಿಂತ ದೊಡ್ಡದು ಅಂತ ತಿಳಿ. ಕಂಪನಿ ಕೊಡುವ ಆರೋಗ್ಯ ವಿಮೆ ಕೆಲಸ ಹೋದ ದಿನವೇ ಹೋಗುತ್ತದೆ. ನಿನ್ನದೇ ಒಂದು ಪಾಲಿಸಿ ಬೇರೆ ಇರಲಿ. ನಿಮ್ಮಪ್ಪನ ಮನೆಯನ್ನು ನಿನ್ನ ಹೆಸರಿಗೆ ಮಾಡಿಸಿಕೊಂಡು ಸಾಲಕ್ಕೆ ತೋರಿಸುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡ. ಅದು ಅವನ ಪಿಂಚಣಿ, ಅವನ ಹೆಸರಿನಲ್ಲೇ ಇರಬೇಕು.

ತಂಗಿಗೂ ಈ ಕಾಗದ ಕಳಿಸು. ಅವಳು ಇನ್ನೊಂದು ವರ್ಷಕ್ಕೆ ವಾಪಸ್ ಬರುವ ಮಾತಾಡುತ್ತಿದ್ದಾಳೆ. ಅಲ್ಲಿ 60 ತಿಂಗಳು ಪಿಂಚಣಿ ನಿಧಿಗೆ ಕಟ್ಟಿದವರಿಗೆ ವಯಸ್ಸಾದ ಮೇಲೆ ಪಿಂಚಣಿಯ ಹಕ್ಕು ಹುಟ್ಟುತ್ತದೆ. 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಜರ್ಮನಿ ಒಪ್ಪಂದದಿಂದಾಗಿ ಮೈಸೂರಿನಲ್ಲಿ ಕೂತರೂ ಅದು ಬರುತ್ತದೆ. ಐದು ವರ್ಷ ತುಂಬುವ ಮೊದಲೇ ಬಂದವರಲ್ಲಿ ಹಲವರು ಎರಡು ವರ್ಷ ಕಾದು ಕಟ್ಟಿದ ಹಣ ವಾಪಸ್ ಪಡೆದು ಇಲ್ಲಿ ಸೈಟು ಕೊಳ್ಳುತ್ತಾರೆ. ಹಾಗೆ ವಾಪಸ್ ಸಿಗುವುದು ಅವರ ಪಾಲು ಮಾತ್ರ. ಕಂಪನಿ ಕಟ್ಟಿದ ಅರ್ಧ ಅಲ್ಲೇ ಉಳಿಯುತ್ತದೆ. ಅರವತ್ತು ತಿಂಗಳು ತುಂಬಿದ ಮೇಲೆಯೇ ಬರಲಿ ಅವಳು. ನಿಮ್ಮಮ್ಮನಿಗೆ ನಾನು ಹೇಳುತ್ತೇನೆ.

ಇನ್ನೊಂದು ಮಾತು, ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಅಮ್ಮನ ಮನೆಯ ಮುಂಗೋಣೆಯಲ್ಲಿ ಅಂಗಡಿ ಇಟ್ಟಿದ್ದ ದರ್ಜಿ ಈಗಲೂ ಇದ್ದಾರೆ, ಎಪ್ಪತ್ತಾರು ವಯಸ್ಸು. ಹತ್ತೊಂಬತ್ತು ವರ್ಷ ಅವರು ಕೊಟ್ಟ ಬಾಡಿಗೆಯಲ್ಲಿ ನಮ್ಮಮ್ಮನ ಔಷಧಿ ನಡೆಯಿತು. ಅವರಿಗೆ ಅಂಗಡಿಯೂ ಬಾಡಿಗೆ, ಮನೆಯೂ ಬಾಡಿಗೆ. ಯಾವ ಪಿಎಫೂ ಇರಲಿಲ್ಲ. ಈಗ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ಸಂಧ್ಯಾ ಸುರಕ್ಷಾದ 1,200 ಎರಡು ತಿಂಗಳಿಂದ ಖಾತೆಗೆ ಬಂದಿಲ್ಲ ಅಂತ ಹೇಳಿಕೊಂಡರು. ಗುರುವಾರ ಅವರನ್ನು ಕರೆದುಕೊಂಡು ನಾಡಕಚೇರಿಗೆ ಹೋಗುತ್ತಿದ್ದೇನೆ. ನಿನಗೆ ರಜೆ ಸಿಕ್ಕರೆ ಬುಧವಾರ ರಾತ್ರಿಯೇ ಹೊರಟು ಬಾ, ಆನ್‌ಲೈನ್ ಕೆಲಸ ನನಗಿಂತ ನಿನಗೆ ಚೆನ್ನಾಗಿ ಬರುತ್ತದೆ. ಅವರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತೆಗೆದಿಡಲು ಹೇಳಿದ್ದೇನೆ.